ಹೆಸರಿಲ್ಲದವರ ಋಣ

ಮನುಷ್ಯನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತುಕೊಂಡು ಬರುತ್ತಾನೆಂದು ಹಿರಿಯರು ಹೇಳುತ್ತಾರೆ: ದೇವಋಣ, ಋಷಿಋಣ, ಪಿತೃಋಣ. ಈ ಮೂರಕ್ಕೂ ವಿಳಾಸವುಂಟು. ದೇವರಿಗೆ ಗುಡಿಯುಂಟು, ಋಷಿಗಳಿಗೆ ಅವರು ಬಿಟ್ಟುಹೋದ ವಿದ್ಯೆಯುಂಟು, ಪಿತೃಗಳಿಗೆ ವರ್ಷಕ್ಕೊಮ್ಮೆ ಬರುವ ತಿಥಿಯುಂಟು. ಬೀದಿಯ ಕೊನೆಯ ಅಂಗಡಿಯ ಸಾಲಕ್ಕೆ ಕೂಡ ಲೆಕ್ಕದ ಪುಸ್ತಕವೊಂದಿರುತ್ತದೆ. ಆದರೆ ಯಾರಿಗೆ ತೀರಿಸಬೇಕೆಂಬುದೇ ತಿಳಿಯದ ಋಣವೊಂದು ತಲೆಯ ಮೇಲೆ ಬಂದು ಕುಳಿತರೆ ಮನುಷ್ಯನು ಏನು ಮಾಡಬೇಕು? ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ವಾಸವಾಗಿರುವ ನಿವೃತ್ತ ಗಣಿತದ ಮೇಷ್ಟರೊಬ್ಬರಿಗೆ ಎಪ್ಪತ್ತರ ಹೊಸ್ತಿಲಿನಲ್ಲಿ ಎದುರಾದ ಪ್ರಶ್ನೆ ಇದು.

ಮೇಷ್ಟರು ಮೂವತ್ತೈದು ವರ್ಷಗಳ ಕಾಲ ಪ್ರೌಢಶಾಲೆಯ ಹುಡುಗರಿಗೆ ಲೆಕ್ಕ ಕಲಿಸಿದವರು. ಸಂಭವನೀಯತೆಯ ಪಾಠ ಬಂದಿತೆಂದರೆ ಕೋಟಿನ ಜೇಬಿನಿಂದ ಒಂದು ರೂಪಾಯಿಯ ನಾಣ್ಯವನ್ನು ತೆಗೆದು ಹೆಬ್ಬೆರಳಿನಿಂದ ಮೇಲಕ್ಕೆ ಚಿಮ್ಮಿಸುವರು. ಹುಡುಗರು “ಹೆಡ್ಡು, ಟೈಲು” ಎಂದು ಕೂಗುತ್ತಿರುವಾಗ ಅದನ್ನು ಅಂಗೈಯಲ್ಲಿ ಹಿಡಿದು, “ಈ ನಾಣ್ಯಕ್ಕೆ ಯಾರ ಮೇಲೂ ಪ್ರೀತಿಯಿಲ್ಲ, ಯಾರ ಮೇಲೂ ಮುನಿಸಿಲ್ಲ. ಆದ್ದರಿಂದಲೇ ಇದು ಸಾಕ್ಷಿ ಹೇಳಲು ಯೋಗ್ಯ” ಎನ್ನುವರು. ಆ ಮಾತಿನ ಪೂರ್ಣ ಅರ್ಥ ಹುಡುಗರಿಗೆ ಆಗುತ್ತಿರಲಿಲ್ಲ. ತಮಗೂ ಆಗಿರಲಿಲ್ಲವೆಂಬುದು ಮೇಷ್ಟರಿಗೆ ತಿಳಿದದ್ದು ೨೦೨೧ರಲ್ಲಿ.

ಆ ವರ್ಷದ ಮೇ ತಿಂಗಳನ್ನು ಮರೆತವರು ಯಾರು? ಕೊರೋನಾದ ಎರಡನೆಯ ಅಲೆ ಊರೂರನ್ನೂ ಮುಳುಗಿಸಿದ್ದ ಕಾಲ ಅದು. ಬೀದಿಯಲ್ಲಿ ಆಂಬ್ಯುಲೆನ್ಸಿನ ಕೂಗಿನ ಹೊರತು ಬೇರೆ ಸದ್ದಿರಲಿಲ್ಲ. ಮೇಷ್ಟರಿಗೆ ಆಗ ಅರವತ್ತೆಂಟು ವರ್ಷ. ಸಕ್ಕರೆಯ ಕಾಯಿಲೆ ಹನ್ನೆರಡು ವರ್ಷದಿಂದ ಜೊತೆಗಿತ್ತು. ಲಸಿಕೆಯ ಮೊದಲ ಸೂಜಿ ಆಗಿತ್ತು, ಎರಡನೆಯದು ಬಾಕಿಯಿತ್ತು. ಒಂದು ಸಂಜೆ ಮೈ ಬೆಚ್ಚಗಾಯಿತು. ಮರುದಿನ ಹುಳಿಯ ರುಚಿ ನಾಲಗೆಗೆ ಹತ್ತಲಿಲ್ಲ. ಪರೀಕ್ಷೆ ಮಾಡಿಸಿದಾಗ ಸಂಶಯ ನಿಜವಾಯಿತು.

ಸುದ್ದಿ ತಿಳಿದೊಡನೆ ಎದುರುಮನೆಯವರು ಮಗನ ಮೊಬೈಲಿಗೆ ಒಂದು ಔಷಧದ ಚೀಟಿಯ ಚಿತ್ರವನ್ನು ಕಳುಹಿಸಿದರು. ಅದರಲ್ಲಿ ಏಳು ಔಷಧಗಳ ಹೆಸರಿದ್ದುವು. ಐದನೆಯದು ಸ್ಟೀರಾಯ್ಡ್ ಮಾತ್ರೆ. “ನಮ್ಮ ಭಾವನಿಗೆ ಇದರಿಂದಲೇ ಎರಡು ದಿನದಲ್ಲಿ ಜ್ವರ ಬಿಟ್ಟಿತು. ತಡಮಾಡಬೇಡಿ” ಎಂದು ಕೆಳಗೆ ಬರೆದಿತ್ತು. ಬರೆದವರ ಉದ್ದೇಶ ಒಳ್ಳೆಯದೇ. ಮಗ ಓಡಿಹೋಗಿ ಏಳನ್ನೂ ತಂದ. ಸ್ಟೀರಾಯ್ಡ್ ಮಾತ್ರೆಯ ಬೆಲೆ ಆ ಏಳರಲ್ಲಿ ಎಲ್ಲಕ್ಕಿಂತ ಕಡಿಮೆ. ಹತ್ತು ಮಾತ್ರೆಗಳ ಪಟ್ಟಿಗೆ ಒಂದು ಲೋಟ ಕಾಫಿಯ ಬೆಲೆಯೂ ಇರಲಿಲ್ಲ.

ಮೇಷ್ಟರ ಮನೆಗೆ ಬಹುಕಾಲದಿಂದ ಬರುತ್ತಿದ್ದ ವೈದ್ಯರು ಅವರ ಶಿಷ್ಯರೇ. ಮಾತ್ರೆ ಬಾಯಿಗೆ ಹೋಗುವ ಮೊದಲು ಅವರಿಗೊಮ್ಮೆ ಫೋನು ಮಾಡಬೇಕೆಂದು ಹಠ ಹಿಡಿದವರು ಮೇಷ್ಟರ ಹೆಂಡತಿ.

“ಮೇಷ್ಟರೆ, ಬೆರಳಿಗೆ ಹಾಕುವ ಆ ಯಂತ್ರದಲ್ಲಿ ಆಕ್ಸಿಜನ್ ಎಷ್ಟು ತೋರಿಸುತ್ತಿದೆ?”

“ತೊಂಬತ್ತೇಳು.”

“ಹಾಗಾದರೆ ಆ ಐದನೆಯ ಮಾತ್ರೆಯನ್ನು ಮುಟ್ಟಬೇಡಿ.”

ಮಗ ಫೋನನ್ನು ತೆಗೆದುಕೊಂಡು, “ಎಲ್ಲರೂ ತೆಗೆದುಕೊಳ್ಳುತ್ತಿದ್ದಾರಲ್ಲ, ಡಾಕ್ಟರೆ? ಜೀವ ಉಳಿಸುವುದು ಅದೊಂದೇ ಎಂದು ಪತ್ರಿಕೆಯಲ್ಲಿಯೇ ಬಂದಿತ್ತಲ್ಲ?” ಎಂದ.

“ಬಂದಿತ್ತು, ನಿಜ. ಆದರೆ ಮನೆಗೆ ಕಳ್ಳ ಹೊಕ್ಕಿರುವ ಹೊತ್ತಿನಲ್ಲಿ ನಾಯಿಯ ಬಾಯಿಗೆ ಬುಟ್ಟಿ ಕಟ್ಟುತ್ತಾರೆಯೆ? ಈಗ ನಾಯಿ ಬೊಗಳಬೇಕು, ಕಚ್ಚಬೇಕು. ಮುಂದೊಂದು ದಿನ ಅದೇ ನಾಯಿಗೆ ಹುಚ್ಚು ಹಿಡಿದು ಮನೆಯವರನ್ನೇ ಕಚ್ಚತೊಡಗಿದರೆ, ಆಗ ಬುಟ್ಟಿ ಕಟ್ಟೋಣ. ದಿನಕ್ಕೆ ನಾಲ್ಕು ಸಲ ಬೆರಳು ನೋಡುತ್ತಿರಿ.”

ಮಗನಿಗೆ ಸಮಾಧಾನವಾಗಲಿಲ್ಲ. ಆದರೂ ಆ ಮಾತ್ರೆಯ ಪಟ್ಟಿ ಅಡಿಗೆಮನೆಯ ಗೂಡಿನಲ್ಲಿ ಸಾಸಿವೆ ಡಬ್ಬಿಯ ಹಿಂದೆ ಸೇರಿತು.

ಸಾಸಿವೆ ಡಬ್ಬಿಯ ಹಿಂದೆ ಕುಳಿತ ಆ ಮಾತ್ರೆಯದು ಹಳೆಯ ಕುಲ. ಮನುಷ್ಯನ ಎರಡು ಮೂತ್ರಪಿಂಡಗಳ ಮೇಲೂ ಟೋಪಿ ಇಟ್ಟಂತೆ ಒಂದೊಂದು ಸಣ್ಣ ಗ್ರಂಥಿ ಕುಳಿತಿದೆ. ಅದರಿಂದ ಒಸರುವ ರಸಗಳಲ್ಲಿ ಒಂದು, ದೇಹದ ಉರಿಯನ್ನು ಹದದಲ್ಲಿಡುತ್ತದೆ. ಆ ಬಗೆಯ ರಸವನ್ನು ಹೊರಗಿನಿಂದ ಕೊಟ್ಟರೆ ಏನಾದೀತೆಂಬುದನ್ನು ಮೊದಲು ಕಂಡವರು ಅಮೆರಿಕದ ರಾಚೆಸ್ಟರ್ ನಗರದ ಮೇಯೊ ಚಿಕಿತ್ಸಾಲಯದ ಫಿಲಿಪ್ ಹೆಂಚ್ ಮತ್ತು ಎಡ್ವರ್ಡ್ ಕೆಂಡಲ್. ೧೯೪೮ರ ಸೆಪ್ಟೆಂಬರಿನಲ್ಲಿ, ಕೀಲುಬಾವಿನಿಂದ ನಡೆಯಲಾರದೆ ಮಲಗಿದ್ದ ತರುಣಿಯೊಬ್ಬಳಿಗೆ ಅವರು ಕಾರ್ಟಿಸೋನ್ ಸೂಜಿಮದ್ದನ್ನು ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. ೧೯೫೦ರಲ್ಲಿ ಅವರಿಬ್ಬರಿಗೂ ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಅವರಿಗೂ ನೊಬೆಲ್ ಬಹುಮಾನ ಬಂದಿತು. ಜಗತ್ತು ಹಿಗ್ಗಿತು. ಆದರೆ ಅದೇ ಮದ್ದನ್ನು ಬಹುಕಾಲ ತೆಗೆದುಕೊಂಡವರ ಮುಖ ಊದಿತು, ಮೂಳೆ ಸವೆಯಿತು, ಸಕ್ಕರೆ ಏರಿತು, ಸಣ್ಣಪುಟ್ಟ ಸೋಂಕುಗಳೂ ಬಲಿತುವು. ಉರಿಯನ್ನು ತಗ್ಗಿಸುವ ಮದ್ದು ದೇಹದ ಕಾವಲನ್ನೂ ತಗ್ಗಿಸುತ್ತದೆಂಬುದು ಅನುಭವದಿಂದ ತಿಳಿಯಿತು. ೧೯೫೭ರಲ್ಲಿ ಇದೇ ಕುಲದಲ್ಲಿ ಇನ್ನೂ ಬಲವಾದ ಡೆಕ್ಸಾಮೆಥಾಸೋನ್ ಹುಟ್ಟಿತು. ಮೇಷ್ಟರ ಮನೆಯ ಗೂಡಿನಲ್ಲಿದ್ದುದು ಅದೇ.

ಏಳು ದಿನ ಕಳೆಯಿತು. ಜ್ವರ ಇಳಿದು ಏರಿತು. ಎಂಟನೆಯ ದಿನದ ಬೆಳಗ್ಗೆ ಮೇಷ್ಟರು ಹಾಸಿಗೆಯಿಂದ ಎದ್ದು ಬಚ್ಚಲುಮನೆಯವರೆಗೆ ಹೋಗಿ ಬರುವಷ್ಟರಲ್ಲಿ ಗೋಡೆ ಹಿಡಿದು ನಿಂತರು. ಬೆರಳಿಗೆ ಯಂತ್ರ ಸಿಕ್ಕಿಸಿದರೆ ೮೪ ಎಂದು ತೋರಿಸಿತು. ಯಂತ್ರ ಕೆಟ್ಟಿರಬೇಕೆಂದು ಸೊಸೆ ತನ್ನ ಬೆರಳಿಗೆ ಹಾಕಿ ನೋಡಿದಳು, ೯೮. ಮತ್ತೆ ಮಾವನ ಬೆರಳಿಗೆ ಹಾಕಿದಳು, ೮೪.

ಫೋನಿನಲ್ಲಿ ವೈದ್ಯರ ದನಿ ಬದಲಾಗಿತ್ತು. “ಆ ಐದನೆಯ ಮಾತ್ರೆ ಮನೆಯಲ್ಲಿದೆಯಷ್ಟೆ? ಈಗ ಕೊಡಿ. ಎಷ್ಟೆಂದು ನಾನು ಹೇಳುತ್ತೇನೆ. ಕೊಟ್ಟು, ತಕ್ಷಣ ಆಸ್ಪತ್ರೆಗೆ ಹೊರಡಿಸಿ.”

ಏಳು ದಿನಗಳ ಹಿಂದೆ ಮುಟ್ಟಬೇಡವೆಂದ ಕೈ, ಇಂದು ಅದೇ ಮಾತ್ರೆಯನ್ನು ಕೊಡೆನ್ನುತ್ತಿತ್ತು. ಮಾತ್ರೆ ಬದಲಾಗಿರಲಿಲ್ಲ, ಬದಲಾದದ್ದು ರೋಗದ ಕಾಲ. ಮೊದಲ ವಾರದಲ್ಲಿ ವೈರಾಣು ದೇಹದಲ್ಲಿ ಹೆಚ್ಚುತ್ತಿರುತ್ತದೆ. ಅದನ್ನು ಎದುರಿಸಲು ದೇಹದ ಕಾವಲು ಪಡೆ ಪೂರ್ಣ ಬಲದಿಂದ ನಿಂತಿರಬೇಕು. ಬಹುಮಂದಿಗೆ ಕಾಳಗ ಅಲ್ಲಿಗೇ ಮುಗಿಯುತ್ತದೆ. ಕೆಲವರಲ್ಲಿ ಮಾತ್ರ ಎರಡನೆಯ ವಾರದ ಸುಮಾರಿಗೆ ಆ ಪಡೆಯೇ ಕೆರಳಿ ಶ್ವಾಸಕೋಶವನ್ನು ಸುಡತೊಡಗುತ್ತದೆ. ಗಾಳಿ ತುಂಬಬೇಕಾದ ನವುರಾದ ಚೀಲಗಳಲ್ಲಿ ನೀರು ತುಂಬುತ್ತದೆ. ಆಗ ಕೊಲ್ಲುವುದು ಕಳ್ಳನಿಗಿಂತ ಹೆಚ್ಚಾಗಿ ಕಾವಲಿನ ನಾಯಿ.

ಹಾಸಿಗೆಯೊಂದು ದೊರೆಯುವ ಹೊತ್ತಿಗೆ ಸಂಜೆಯಾಯಿತು. ಮಗ ಅಂದು ಎಷ್ಟು ಕಡೆ ಫೋನು ಮಾಡಿದನೆಂಬುದಕ್ಕೆ ಲೆಕ್ಕವಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಮೇಷ್ಟರ ಬೆರಳು ೭೬ ಎಂದಿತು. ಕೊರಳ ಉಂಗುರವನ್ನೂ ಕನ್ನಡಕವನ್ನೂ ಕೈಗಡಿಯಾರವನ್ನೂ ಬಿಚ್ಚಿ ಒಂದು ಚೀಲದಲ್ಲಿ ಹಾಕಿ ಮಗನ ಕೈಗೆ ಕೊಟ್ಟರು. ರಾತ್ರಿ ಹನ್ನೊಂದಕ್ಕೆ ತೀವ್ರ ನಿಗಾ ಘಟಕದಿಂದ ಕರೆ ಬಂತು: ಗಂಟಲಿಗೆ ಕೊಳವೆ ಇಳಿಸಿ ವೆಂಟಿಲೇಟರಿಗೆ ಹಾಕಬೇಕಾಗಿದೆ, ಒಪ್ಪಿಗೆ ಬೇಕು. ಮಗ ಒಪ್ಪಿದ. ಅಂದಿನಿಂದ ಡೆಕ್ಸಾಮೆಥಾಸೋನ್ ರಕ್ತನಾಳದ ಮೂಲಕ ದಿನಕ್ಕೊಂದು ಸಲ ಸಾಗಿತು.

ಒಳಗೆ ಯಾರಿಗೂ ಪ್ರವೇಶವಿರಲಿಲ್ಲ. ದಿನವೂ ಸಂಜೆ ಆರಕ್ಕೆ ದಾದಿಯೊಬ್ಬಳು ಫೋನು ಮಾಡುವಳು. ಮನೆಯವರೆಲ್ಲ ಐದೂವರೆಗೇ ಊಟದ ಮೇಜಿನ ಸುತ್ತ ಕುಳಿತಿರುವರು. “ಇವತ್ತು ಬೋರಲು ಮಲಗಿಸಿದ್ದೇವೆ. ಆಕ್ಸಿಜನ್ ಸ್ವಲ್ಪ ಮೇಲು. ಸ್ಟೀರಾಯ್ಡಿನಿಂದ ಸಕ್ಕರೆ ಏರಿದೆ, ಗಂಟೆ ಗಂಟೆಗೂ ನೋಡಿ ಇನ್ಸುಲಿನ್ ಕೊಡುತ್ತಿದ್ದೇವೆ” ಎಂಬಷ್ಟೇ ಮಾತು. ಅಷ್ಟು ಮಾತನ್ನು ಮನೆಯವರು ಮರುದಿನ ಆರು ಗಂಟೆಯವರೆಗೂ ಮೆಲುಕು ಹಾಕುವರು. ಮೇಷ್ಟರ ಹೆಂಡತಿ ನಂಜನಗೂಡಿನ ಶ್ರೀಕಂಠೇಶ್ವರನಿಗೆ ಹರಕೆ ಹೊತ್ತರು. ಟಿಪ್ಪುವಿನ ಕಾಲದಿಂದ ‘ಹಕೀಂ ನಂಜುಂಡ’ನೆಂದು ಹೆಸರಾದ ವೈದ್ಯದೇವನಲ್ಲದೆ ಆ ದಿನಗಳಲ್ಲಿ ಬಾಗಿಲು ತಟ್ಟಲು ಇನ್ನಾರಿದ್ದರು?

ಒಂಬತ್ತನೆಯ ದಿನ ಕೊಳವೆ ಹೊರಗೆ ಬಂತು. ಇಪ್ಪತ್ತಾರನೆಯ ದಿನ ಮೇಷ್ಟರು ಮನೆಗೆ ಬಂದರು. ಹೋದವರು ಎಪ್ಪತ್ತೆರಡು ಕಿಲೋ ಇದ್ದರು, ಬಂದವರು ಅರವತ್ತು. ಮೆಟ್ಟಿಲು ಹತ್ತಲು ಮಗನೂ ಸೊಸೆಯೂ ಎರಡು ಕಡೆ ಹಿಡಿದರು. ಹೊಸ್ತಿಲಲ್ಲಿ ಹೆಂಡತಿ ಆರತಿ ಎತ್ತಿದಾಗ, ಎಂದೂ ಅಳದ ಮೇಷ್ಟರು ಅತ್ತರು.

ತಿಂಗಳ ಬಳಿಕ ತಪಾಸಣೆಗೆ ಹೋದಾಗ, ನಿಗಾ ಘಟಕದಲ್ಲಿ ಅವರನ್ನು ನೋಡಿಕೊಂಡಿದ್ದ ತರುಣ ವೈದ್ಯರು ಎದುರಿಗೆ ಸಿಕ್ಕರು. ಮೇಷ್ಟರು ಕೈಮುಗಿದು ಕೇಳಿದರು: “ನನ್ನನ್ನು ಉಳಿಸಿದ್ದು ಆ ಮಾತ್ರೆಯೇ ಅಲ್ಲವೆ, ಡಾಕ್ಟರೆ?”

ಬೇರೆಯವರಾಗಿದ್ದರೆ ಹೌದೆಂದು ನಕ್ಕು ಕಳುಹಿಸುತ್ತಿದ್ದರು. ಈತ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಜ ಹೇಳಬೇಕೆಂದರೆ ಗೊತ್ತಿಲ್ಲ, ಸಾರ್. ನಿಮ್ಮಂಥ ನೂರು ಜನರ ವಿಷಯ ಗೊತ್ತಿದೆ. ನಿಮ್ಮೊಬ್ಬರ ವಿಷಯ ಗೊತ್ತಿಲ್ಲ. ಗೊತ್ತಾಗುವುದೂ ಸಾಧ್ಯವಿಲ್ಲ” ಎಂದರು. ಲೆಕ್ಕದ ಮೇಷ್ಟರ ಕಿವಿ ನೆಟ್ಟಗಾಯಿತು. ಆ ವೈದ್ಯರು ಹೇಳಿದ ಕಥೆ, ಮೇಷ್ಟರು ಬಳಿಕ ತಾವೇ ಹುಡುಕಿ ಓದಿಕೊಂಡ ಕಥೆ, ಇಂಗ್ಲೆಂಡಿನಲ್ಲಿ ನಡೆದದ್ದು.

೨೦೨೦ರ ಆರಂಭದಲ್ಲಿ ಸ್ಟೀರಾಯ್ಡಿನ ವಿಷಯದಲ್ಲಿ ಜಗತ್ತಿನ ವೈದ್ಯರು ಎರಡು ಪಂಗಡವಾಗಿದ್ದರು. ಶ್ವಾಸಕೋಶದ ಉರಿಯನ್ನು ಇಳಿಸಲು ಇದಕ್ಕಿಂತ ಮಿಗಿಲಾದ ಮದ್ದಿಲ್ಲವೆಂದು ಕೆಲವರು. ಹಿಂದೆ ಬಂದಿದ್ದ ಸಾರ್ಸ್, ಮೆರ್ಸ್ ರೋಗಗಳಲ್ಲಿ ಇದನ್ನು ಕೊಟ್ಟಾಗ ವೈರಾಣು ದೇಹದಲ್ಲಿ ಹೆಚ್ಚು ದಿನ ಉಳಿದಂತೆ ಕಂಡಿತ್ತಾದ್ದರಿಂದ ಕೂಡದೆಂದು ಇನ್ನು ಕೆಲವರು. ಆ ವರ್ಷದ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸಲಹೆಯೂ, ಪ್ರಯೋಗದ ಹೊರಗೆ ಇದನ್ನು ವಾಡಿಕೆಯಾಗಿ ಕೊಡಬಾರದೆಂದೇ ಇತ್ತು. ಇಬ್ಬರೂ ಬಲ್ಲವರೇ, ಇಬ್ಬರೂ ರೋಗಿಯ ಹಿತವನ್ನೇ ಬಯಸಿದವರು. ಬಲ್ಲವರ ನಡುವೆ ಹೀಗೆ ಮಾತು ಎರಡಾದಾಗ ನಿರ್ಣಯ ಹೇಳುವವರು ಯಾರು? ಪ್ರೀತಿಯೂ ಮುನಿಸೂ ಇಲ್ಲದ ಸಾಕ್ಷಿಯೇ ಹೇಳಬೇಕು.

ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೆ ಎಂಬ ಇಬ್ಬರು ಪ್ರಾಧ್ಯಾಪಕರ ನೇತೃತ್ವದಲ್ಲಿ ‘ರಿಕವರಿ’, ಎಂದರೆ ಚೇತರಿಕೆ, ಎಂಬ ಹೆಸರಿನ ಪ್ರಯೋಗ ಆರಂಭವಾಯಿತು. ೨೦೨೦ರ ಮಾರ್ಚ್ ೧೯ರಂದು ಮೊದಲ ರೋಗಿ ಅದಕ್ಕೆ ಸೇರಿದರು. ಬ್ರಿಟನ್ನಿನ ಸುಮಾರು ೧೭೫ ಆಸ್ಪತ್ರೆಗಳು ಕೈಗೂಡಿಸಿದುವು. ವಿಧಾನ ಮೇಷ್ಟರ ನಾಣ್ಯದಷ್ಟೇ ಸರಳ. ರೋಗಿಯು ಒಪ್ಪಿದರೆ, ಪ್ರಜ್ಞೆಯಿಲ್ಲದಿದ್ದರೆ ಅವರ ಪರವಾಗಿ ಮನೆಯವರು ಅಥವಾ ಬೇರೆ ಪ್ರತಿನಿಧಿ ಒಪ್ಪಿದರೆ, ಯಾವ ಚಿಕಿತ್ಸೆಯೆಂಬುದನ್ನು ವೈದ್ಯರು ನಿರ್ಧರಿಸುತ್ತಿರಲಿಲ್ಲ. ಕಂಪ್ಯೂಟರ್ ಚೀಟಿಯೆತ್ತಿದಂತೆ ನಿರ್ಧರಿಸುತ್ತಿತ್ತು. ಒಬ್ಬರಿಗೆ ದಿನಕ್ಕೆ ೬ ಮಿಲಿಗ್ರಾಂ ಡೆಕ್ಸಾಮೆಥಾಸೋನ್, ಹೆಚ್ಚೆಂದರೆ ಹತ್ತು ದಿನ. ಇಬ್ಬರಿಗೆ ಎಂದಿನ ಚಿಕಿತ್ಸೆ ಮಾತ್ರ. ಹೀಗೆ ೨,೧೦೪ ಮಂದಿ ಒಂದು ಕಡೆಗೂ ೪,೩೨೧ ಮಂದಿ ಇನ್ನೊಂದು ಕಡೆಗೂ ಬಂದರು. ಇಪ್ಪತ್ತೆಂಟು ದಿನಗಳ ಬಳಿಕ ಉಳಿದವರೆಷ್ಟು, ಹೋದವರೆಷ್ಟು ಎಂದು ಎಣಿಸಿದರು.

೨೦೨೦ರ ಜೂನ್ ೧೬ರಂದು ಫಲ ಹೊರಬಿತ್ತು. ವೆಂಟಿಲೇಟರ್ ಮೇಲಿದ್ದವರಲ್ಲಿ, ಎಂದಿನ ಚಿಕಿತ್ಸೆ ಮಾತ್ರ ಪಡೆದ ನೂರು ಮಂದಿಗೆ ೪೧ ಮಂದಿ ತೀರಿಕೊಂಡಿದ್ದರು. ಡೆಕ್ಸಾಮೆಥಾಸೋನ್ ಪಡೆದ ನೂರಕ್ಕೆ ೨೯. ಯಂತ್ರವಿಲ್ಲದೆ ಬರಿಯ ಆಮ್ಲಜನಕ ಪಡೆಯುತ್ತಿದ್ದವರಲ್ಲಿ ನೂರಕ್ಕೆ ೨೬ ಇದ್ದುದು ೨೩ಕ್ಕೆ ಇಳಿದಿತ್ತು. ಆದರೆ ಆಮ್ಲಜನಕವೇ ಬೇಕಾಗಿಲ್ಲದವರಲ್ಲಿ ಏನೂ ಲಾಭ ಕಾಣಲಿಲ್ಲ. ಮದ್ದಿಲ್ಲದವರಲ್ಲಿ ನೂರಕ್ಕೆ ೧೪ ಸಾವು, ಮದ್ದು ಪಡೆದವರಲ್ಲಿ ಸುಮಾರು ೧೮. ಆ ಕೊನೆಯ ವ್ಯತ್ಯಾಸ ಆಕಸ್ಮಿಕವೂ ಇರಬಹುದೆಂದು ಸಂಶೋಧಕರು ಎಚ್ಚರದಿಂದ ಹೇಳಿದರು. ಆದರೆ ಕೆಡಕಾಗುವ ಸಾಧ್ಯತೆಯನ್ನು ತಳ್ಳಿಹಾಕಲಿಲ್ಲ. ರೋಗ ಹಿಡಿದು ಏಳು ದಿನ ಕಳೆದವರಿಗೇ ಇದರಿಂದ ಹೆಚ್ಚು ಲಾಭವೆಂಬುದೂ ತಿಳಿಯಿತು. ಮೈಸೂರಿನ ವೈದ್ಯರು ತೊಂಬತ್ತೇಳೆಂದಾಗ ಮುಟ್ಟಬೇಡಿರೆಂದು, ಎಂಬತ್ತನಾಲ್ಕೆಂದಾಗ ಕೊಡಿರೆಂದು ಅಷ್ಟು ಖಚಿತವಾಗಿ ಹೇಳಿದ್ದು ಈ ಅಂಕಿಗಳ ಬಲದಿಂದ.

ಆಸ್ಪತ್ರೆಯಿಂದ ಬಂದ ಮೇಷ್ಟರಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಮಧ್ಯಾಹ್ನ ಚೌಕಾಬಾರದ ಹುಣಿಸೆ ಬೀಜಗಳ ಡಬ್ಬಿಯನ್ನು ತರಿಸಿ, ನಡುಮನೆಯ ನೆಲದ ಮೇಲೆ ನೂರು ಬೀಜಗಳನ್ನು ಹತ್ತು ಸಾಲಾಗಿ ಜೋಡಿಸಿದರು. ವೆಂಟಿಲೇಟರಿನ ಮೇಲಿದ್ದು ಮದ್ದು ಪಡೆದ ನೂರು ಜನ ಇವರು. ಮೊದಲು ೨೯ ಬೀಜಗಳನ್ನು ತೆಗೆದು ಬದಿಗಿಟ್ಟರು: ಮದ್ದು ಕೊಟ್ಟರೂ ಉಳಿಯದವರು. ಉಳಿದವು ೭೧. ಅದರಲ್ಲಿ ೫೯ನ್ನು ಬೇರೆಯಾಗಿಟ್ಟರು: ಮದ್ದಿಲ್ಲದಿದ್ದರೂ ಬದುಕುತ್ತಿದ್ದವರು. ನಡುವೆ ಉಳಿದದ್ದು ೧೨ ಬೀಜ. ಮದ್ದು ಉಳಿಸಿದ್ದು ಆ ಹನ್ನೆರಡು ಜನರನ್ನು.

ಕಾಫಿ ತಂದ ಹೆಂಡತಿ ನೆಲ ನೋಡಿ, “ಇದೇನು, ಮಕ್ಕಳ ಆಟ?” ಎಂದರು. ಮೇಷ್ಟರು ವಿವರಿಸಿದರು. ಆಕೆ ಲೋಟವನ್ನು ಕೆಳಗಿಟ್ಟು, “ಸರಿ, ಇದರಲ್ಲಿ ನೀವು ಯಾವುದು?” ಎಂದು ಕೇಳಿದರು.

“ಅದೇ ತಿಳಿಯುವುದಿಲ್ಲ. ಈ ಐವತ್ತೊಂಬತ್ತರಲ್ಲಿ ಒಂದಾಗಿರಬಹುದು, ಈ ಹನ್ನೆರಡರಲ್ಲಿ ಒಂದಾಗಿರಬಹುದು. ಬೀಜದ ಮೇಲೆ ಹೆಸರು ಬರೆದಿಲ್ಲ.”

ಆಕೆ ಬಹಳ ಹೊತ್ತು ಆ ಬದಿಗಿಟ್ಟ ಇಪ್ಪತ್ತೊಂಬತ್ತನ್ನು ನೋಡುತ್ತ ಕುಳಿತರು. “ಇವರ ಮನೆಗಳಲ್ಲಿಯೂ ಸಂಜೆ ಆರಕ್ಕೆ ಫೋನಿಗಾಗಿ ಕಾಯುತ್ತ ಕುಳಿತಿರುತ್ತಿದ್ದರು” ಎಂದಷ್ಟೆ ಹೇಳಿ ಎದ್ದು ಒಳಗೆ ಹೋದರು.

ಆ ಮಾತು ಮೇಷ್ಟರ ಮನಸ್ಸಿನಲ್ಲಿ ಹೊಕ್ಕು ನಿಂತಿತು. ಅವರು ಮತ್ತೆ ಅಂಕಿಗಳ ಬಳಿಗೆ ಹೋದರು. ಬ್ರಿಟನ್ನಿನ ಆ ಪ್ರಯೋಗದಲ್ಲಿ ಮದ್ದು ಪಡೆದವರಲ್ಲಿ ೪೮೨ ಮಂದಿ, ಪಡೆಯದವರಲ್ಲಿ ೧,೧೧೦ ಮಂದಿ ಇಪ್ಪತ್ತೆಂಟು ದಿನಗಳೊಳಗೆ ತೀರಿಕೊಂಡಿದ್ದರು. ಒಟ್ಟು ೧,೫೯೨. ತೀರಿಕೊಂಡವರಲ್ಲಿ ಒಬ್ಬರನ್ನು ಲೆಕ್ಕದಿಂದ ಬಿಟ್ಟರೂ ಲೆಕ್ಕ ಸುಳ್ಳಾಗುತ್ತಿತ್ತು. ಬದುಕಿದವರ ಬದುಕಿನಷ್ಟೇ ಸತ್ತವರ ಸಾವೂ ಮೈಸೂರಿನ ಮೇಷ್ಟರಿಗೆ ಸಾಕ್ಷಿ ಹೇಳಿತ್ತು. ಉಸಿರು ಸಿಕ್ಕದೆ ಏದುತ್ತಿದ್ದ ಹೊತ್ತಿನಲ್ಲಿ ಅವರ ಮುಂದೆ ಯಾರೋ ಒಂದು ಕಾಗದ ಹಿಡಿದಿದ್ದರು. ‘ನಿಮಗೆ ಮದ್ದು ಬರಲೂಬಹುದು, ಬರದಿರಲೂಬಹುದು, ಮದ್ದು ಒಳ್ಳೆಯದೊ ಕೆಟ್ಟದ್ದೊ ನಮಗೂ ತಿಳಿಯದು’ ಎಂಬುದೇ ಆ ಕಾಗದದ ಸಾರ. ಆಗಲೆಂದು ರುಜು ಹಾಕಿದರು. ಅವರಲ್ಲಿ ಮೇಷ್ಟರಂತೆಯೇ ಪಾಠ ಹೇಳಿದವರಿದ್ದಿರಬಹುದು, ಬಸ್ಸು ಓಡಿಸಿದವರಿದ್ದಿರಬಹುದು. ಯಾರದೋ ಹೆಂಡತಿ, ಯಾರದೋ ತಂದೆ. ಅವರ ಹೆಸರು ಎಲ್ಲಿಯೂ ಅಚ್ಚಾಗಿಲ್ಲ.

ಅವರು ಒಪ್ಪದೆ ಹೋಗಿದ್ದರೆ ಏನಾಗುತ್ತಿತ್ತು? ವೈದ್ಯರು ತಮ್ಮ ತಮ್ಮ ನಂಬಿಕೆಯಂತೆ ನಡೆಯುತ್ತಿದ್ದರು. ನಂಬಿಕೆ ಎಷ್ಟು ಗಟ್ಟಿಯಾಗಿದ್ದರೂ ಸತ್ಯವಾಗಬೇಕಾಗಿಲ್ಲ. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಗಾಗಿ ೨೦೨೦ರ ಬೇಸಗೆಯಲ್ಲಿ ಜಗತ್ತೇ ಕೈಚಾಚಿತ್ತು. ಅದೇ ಆಕ್ಸ್‌ಫರ್ಡಿನ ಪ್ರಯೋಗದಲ್ಲಿ, ಅದೇ ಚೀಟಿಯೆತ್ತುವ ವಿಧಾನದಲ್ಲಿ ಅದನ್ನೂ ಒರೆಗೆ ಹಚ್ಚಿದಾಗ ಆಸ್ಪತ್ರೆ ಸೇರಿದವರಿಗೆ ಅದರಿಂದ ಪ್ರಯೋಜನವಿಲ್ಲವೆಂದು ಜೂನ್ ೫ರಂದು ಪ್ರಕಟವಾಯಿತು. ಹನ್ನೊಂದು ದಿನಗಳ ಅಂತರದಲ್ಲಿ ಒಂದೇ ತಕ್ಕಡಿ ಜಗತ್ತು ಕೊಂಡಾಡಿದ ಒಂದು ಮದ್ದನ್ನು ಕೆಳಗಿಳಿಸಿ, ಅರುವತ್ತು ವರ್ಷ ಹಳೆಯದಾದ ಅಗ್ಗದ ಮಾತ್ರೆಯೊಂದನ್ನು ಮೇಲಕ್ಕೆತ್ತಿತು.

ಬ್ರಿಟನ್ನಿನ ಮಾತನ್ನೊಂದನ್ನೇ ಜಗತ್ತು ನೆಚ್ಚಲಿಲ್ಲ. ಬ್ರೆಜಿಲ್, ಫ್ರಾನ್ಸ್ ಮುಂತಾದೆಡೆ ನಡೆದ ಪ್ರಯೋಗಗಳನ್ನೂ ಕೂಡಿಸಿ, ಒಟ್ಟು ಏಳು ಪ್ರಯೋಗಗಳ ೧,೭೦೩ ಮಂದಿ ತೀವ್ರ ರೋಗಿಗಳ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆ ತೆಗೆಯಿತು. ಸ್ಟೀರಾಯ್ಡ್ ಪಡೆದ ೬೭೮ ಜನರಲ್ಲಿ ೨೨೨ ಸಾವು. ಪಡೆಯದ ೧,೦೨೫ ಜನರಲ್ಲಿ ೪೨೫. ೨೦೨೦ರ ಸೆಪ್ಟೆಂಬರ್ ೨ರಂದು ಆ ಸಂಸ್ಥೆ ತನ್ನ ಹಿಂದಿನ ಸಲಹೆಯನ್ನು ಬದಲಿಸಿತು: ರೋಗ ತೀವ್ರವಾದವರಿಗೆ ಕೊಡಬೇಕು, ತೀವ್ರವಲ್ಲದವರಿಗೆ ಕೊಡಬಾರದು. ಭಾರತದ ಆರೋಗ್ಯ ಸಚಿವಾಲಯವಂತೂ ಜೂನ್ ಕೊನೆಯಲ್ಲಿಯೇ ಡೆಕ್ಸಾಮೆಥಾಸೋನನ್ನು ತನ್ನ ಚಿಕಿತ್ಸಾಕ್ರಮದಲ್ಲಿ ಸೇರಿಸಿಕೊಂಡಿತ್ತು. ಇನ್ನೂ ಹೆಚ್ಚು ಪ್ರಮಾಣ ಕೊಟ್ಟರೆ ಇನ್ನೂ ಹೆಚ್ಚು ಲಾಭವೆ ಎಂಬ ಪ್ರಶ್ನೆಯೂ ಮುಂದೆ ಎದ್ದಿತು. ೬ ಮಿಲಿಗ್ರಾಮಿನ ಬದಲು ೧೨ ಕೊಟ್ಟು ನೋಡಿದ ಪ್ರಯೋಗದಲ್ಲಿ ಡೆನ್ಮಾರ್ಕ್, ಸ್ವೀಡನ್, ಸ್ವಿಟ್ಜರ್ಲೆಂಡುಗಳ ರೋಗಿಗಳೊಡನೆ ಭಾರತದ ರೋಗಿಗಳೂ ಇದ್ದರು. ಖಚಿತವಾದ ಹೆಚ್ಚಿನ ಲಾಭವೇನೂ ಸಿದ್ಧವಾಗಲಿಲ್ಲ. ವೆಂಟಿಲೇಟರಿನ ಅಗತ್ಯವಿಲ್ಲದೆ, ಬರಿಯ ಸಾಧಾರಣ ಆಮ್ಲಜನಕದಲ್ಲಿದ್ದವರಿಗೆ ಅದಕ್ಕೂ ಮಿಗಿಲಾದ ಪ್ರಮಾಣ ಕೊಟ್ಟಾಗ ಸಾವು ಹೆಚ್ಚಿತೆಂದು ಆಕ್ಸ್‌ಫರ್ಡಿನವರೇ ಆಮೇಲೆ ಕಂಡುಕೊಂಡರು. ಅತಿಯಾದರೆ ಅಮೃತವೂ ವಿಷವೆಂಬ ಮನೆಯ ಮುದುಕರ ಮಾತಿಗೆ ಅಂಕಿಯ ಮುದ್ರೆ ಬಿದ್ದಂತಾಯಿತು.

ಮುದ್ರೆ ಬೀಳುವ ಮೊದಲೇ ಆ ಮಾತಿನ ಬೆಲೆಯನ್ನು ಕೆಲವರು ತೆತ್ತಿದ್ದರು. ಎದುರುಮನೆಯವರ ಭಾವ ಚೀಟಿಯ ಐದನೆಯ ಮಾತ್ರೆಯನ್ನು ಜ್ವರದ ಮೊದಲ ದಿನದಿಂದಲೇ ಆರಂಭಿಸಿದವರು. ಜ್ವರ ಬಿಟ್ಟ ಬಳಿಕವೂ ಹುಷಾರಿಗಿರಲೆಂದು ಮೂರು ವಾರ ನುಂಗಿದರು. ಅವರಿಗೂ ಸಕ್ಕರೆಯ ಕಾಯಿಲೆಯಿತ್ತು. ಅಳೆದು ನೋಡಿದವರು ಯಾರೂ ಇರಲಿಲ್ಲ. ಜೂನಿನಲ್ಲಿ ಕೆನ್ನೆ ನೋಯತೊಡಗಿತು, ಕಣ್ಣು ಊದಿತು. ಕಪ್ಪು ಶಿಲೀಂಧ್ರವೆಂದರು. ಏರಿದ ಸಕ್ಕರೆಯೂ ಸ್ಟೀರಾಯ್ಡಿನ ಅತಿಬಳಕೆಯೂ ಸೇರಿದೆಡೆ ಈ ರೋಗ ಅಂದು ದೇಶದಾದ್ಯಂತ ಬೇರೂರಿತ್ತು. ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರವು ೨೦೨೧ರ ಮೇ ತಿಂಗಳಿನಲ್ಲಿ ರಾಜ್ಯಗಳಿಗೆ ತಿಳಿಸುವಷ್ಟರ ಮಟ್ಟಿಗೆ ಹಬ್ಬಿತ್ತು. ಎದುರುಮನೆಯವರ ಭಾವನ ಜೀವ ಉಳಿಯಿತು. ಎಡಗಣ್ಣು ಉಳಿಯಲಿಲ್ಲ. ಚೀಟಿ ಕಳುಹಿಸಿದ್ದ ಆ ಮನೆಯ ಯಜಮಾನರು ಕೆಲವು ತಿಂಗಳು ಮೇಷ್ಟರ ಮುಖವನ್ನು ನೇರವಾಗಿ ನೋಡಲಿಲ್ಲ. ಮೇಷ್ಟರೇ ಒಂದು ಸಂಜೆ ಕೋಲೂರಿಕೊಂಡು ಬೀದಿ ದಾಟಿ ಹೋಗಿ, ಅವರ ಜಗುಲಿಯಲ್ಲಿ ಕುಳಿತು ಕಾಫಿ ಕೇಳಿ ಕುಡಿದು ಬಂದರು.

ಆ ವರ್ಷದ ಕಾರ್ತಿಕದಲ್ಲಿ ಮನೆಯವರೆಲ್ಲ ನಂಜನಗೂಡಿಗೆ ಹೋದರು. ಮೇಷ್ಟರ ಹೆಂಡತಿ ಕಪಿಲೆಯಲ್ಲಿ ಮಿಂದು ಹರಕೆಯನ್ನು ತೀರಿಸಿದರು. ಹಿಂದಿರುಗುವಾಗ ಆಕೆಯ ಮುಖದಲ್ಲಿ ಸಾಲ ತೀರಿದವರ ನೆಮ್ಮದಿಯಿತ್ತು. ಕಾರಿನ ಕಿಟಕಿಯ ಬಳಿ ಕುಳಿತಿದ್ದ ಮೇಷ್ಟರಿಗೆ ಆ ನೆಮ್ಮದಿಯನ್ನು ಕಂಡು ಸಂತೋಷವೂ ಆಯಿತು, ಒಂದಿಷ್ಟು ಅಸೂಯೆಯೂ ಆಯಿತು. ಆಕೆಯ ಸಾಲಕ್ಕೆ ಗುಡಿಯಿತ್ತು, ಗೋಪುರವಿತ್ತು. ತಮ್ಮ ಸಾಲದವರು ಸಾವಿರಾರು ಮೈಲಿ ದೂರದ ಮಣ್ಣಿನಲ್ಲಿ, ಯಾವ ಕಲ್ಲಿನ ಕೆಳಗೆ ಮಲಗಿದ್ದಾರೊ, ಯಾವ ಮನೆಯಲ್ಲಿ ಮೊಮ್ಮಕ್ಕಳೊಡನೆ ಕುಳಿತಿದ್ದಾರೊ!

ಎರಡು ವರ್ಷ ಕಳೆಯಿತು. ೨೦೨೩ರಲ್ಲಿ ಒ೦ದು ದಿನ ಸಕ್ಕರೆಯ ತಪಾಸಣೆಗೆ ಹೋದ ಮೇಷ್ಟರ ಕೈಗೆ ಆಸ್ಪತ್ರೆಯವರು ಎಂಟು ಪುಟದ ಕಾಗದವೊಂದನ್ನು ಕೊಟ್ಟರು. ಸಕ್ಕರೆಯ ಕಾಯಿಲೆಗೆ ಈಗಾಗಲೇ ಬಳಕೆಯಲ್ಲಿರುವ ಎರಡು ಮಾತ್ರೆಗಳಲ್ಲಿ ಯಾವುದು ಮೇಲೆಂಬುದನ್ನು ತಿಳಿಯಲು ಒಂದು ಅಧ್ಯಯನ. ಯಾರಿಗೆ ಯಾವುದೆಂಬುದನ್ನು ಕಂಪ್ಯೂಟರ್ ಚೀಟಿಯೆತ್ತಿ ಹೇಳುವುದು. ಇಷ್ಟವಿದ್ದರೆ ಸೇರಬಹುದು, ಬೇಡವೆಂದರೆ ಬಲವಂತವಿಲ್ಲ, ನಡುವೆ ಬಿಡಲೂಬಹುದು.

ಮಗ ಕಾಗದವನ್ನು ನೋಡಿ ಸಿಡುಕಿದ. “ಒಮ್ಮೆ ಹೋಗಿ ಬಂದದ್ದು ಸಾಲದೆ, ಅಪ್ಪ? ನಿಮ್ಮ ಮೈಮೇಲೆಯೇ ಪ್ರಯೋಗ ಮಾಡಿಸಿಕೊಳ್ಳಬೇಕೆ? ಬೇರೆ ಯಾರಾದರೂ ಸೇರುತ್ತಾರೆ, ಬಿಡಿ.”

“ಬೇರೆ ಯಾರಾದರೂ ಸೇರಲಿ ಎಂದು ಅವರೂ ಅಂದಿದ್ದರೆ, ನನ್ನ ತಿಥಿಗೆ ಇದು ಎರಡನೆಯ ವರ್ಷವಾಗುತ್ತಿತ್ತೋ ಏನೋ” ಎಂದರು ಮೇಷ್ಟರು. ದನಿಯಲ್ಲಿ ಕೋಪವಿರಲಿಲ್ಲ. ಮಗ ಮುಂದೆ ಮಾತಾಡಲಿಲ್ಲ.

ಹೆಂಡತಿ ಮಾತ್ರ ಅಡಿಗೆಮನೆಯಿಂದಲೇ, “ಯಾವ ಮಾತ್ರೆ ಬಂದರೂ ಬರಲಿ. ಪಥ್ಯದ ವಿಷಯದಲ್ಲಿ ಮಾತ್ರ ಕಂಪ್ಯೂಟರಿನ ಮಾತು ನಡೆಯುವುದಿಲ್ಲ, ನಾನು ಬಡಿಸಿದ್ದೇ” ಎಂದರು.

ಮೇಷ್ಟರು ಅಂದು ಸಂಜೆ ದೀಪದ ಕೆಳಗೆ ಕುಳಿತು, ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವವರಂತೆ ಎಂಟು ಪುಟಗಳನ್ನೂ ಓದಿದರು. ಲಾಭವೇನು, ಅಪಾಯವೇನು, ತೊಂದರೆಯಾದರೆ ಯಾರನ್ನು ಕೇಳಬೇಕು ಎಂಬಲ್ಲೆಲ್ಲ ಪೆನ್ಸಿಲಿನಿಂದ ಗುರುತು ಹಾಕಿದರು. ಏಳನೆಯ ಪುಟದಲ್ಲಿ ಒಂದು ಸಾಲಿತ್ತು: ಅಧ್ಯಯನದ ಫಲಿತಾಂಶ ಪ್ರಕಟವಾಗುವಾಗ ಅದರಲ್ಲಿ ಭಾಗವಹಿಸಿದವರ ಹೆಸರು ಎಲ್ಲಿಯೂ ಕಾಣಿಸುವುದಿಲ್ಲ. ಆ ಸಾಲನ್ನು ಅವರು ಎರಡು ಸಲ ಓದಿದರು. ಬಳಿಕ ಕನ್ನಡಕವನ್ನು ಒರೆಸಿಕೊಂಡು, ಕೊನೆಯ ಪುಟಕ್ಕೆ ತಿರುಗಿಸಿ, ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ರುಜು ಹಾಕಿದರು.